ಮೆತ್ತಗೆ ಕುಣಿದ ವರ್ಷ

ಹೋದ ತಿಂಗಳು ಎಡೋಗಾವಾದಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಟೋಕಿಯೋದಲ್ಲಿ ಸ್ವಂತ ಮನೆ ಕೊಂಡ ಸಡಗರ. ಹಾಲು ಉಕ್ಕಿಸೋಣವೆಂದರೆ ಆ ಮನೆಯ ಒಲೆ ಮಹಾ ಶಿಸ್ತಿನದು, ಇನ್ನೇನು ಉಕ್ಕಬೇಕು ಅನ್ನುವಷ್ಟರಲ್ಲಿ ಕುಂಯ್ ಎಂದು ತಾನೇ ಆರಿಹೋಗುತ್ತಿತ್ತು. ಪುರೋಹಿತರು ಫೋನಿನ ಪರದೆಯಲ್ಲಿ ಮೈಸೂರಿನಿಂದ ಮಂತ್ರ ಹೇಳುತ್ತಾ ಕಾದೇ ಕಾದರು. ಕೊನೆಗೆ ಯಾರೋ ಪಿಕ್ನಿಕ್ಕಿಗೆ ಒಯ್ಯುವ ಪುಟ್ಟ ಗ್ಯಾಸ್ ಒಲೆ ತಂದರು, ಶಾಸ್ತ್ರ ಮುಗಿಯಿತು. ಆಮೇಲೆ ಮನೆಯಾಕೆ ಒಂದೊಂದೇ ಕೋಣೆ ತೋರಿಸುತ್ತಾ ಬಂದು, ಒಳಗಿನ ತತಾಮಿ ಕೋಣೆಯ ಬಾಗಿಲು ಸರಿಸಿದಳು. ಹೊಸ ಹುಲ್ಲುಚಾಪೆಯ ಹಸಿ ವಾಸನೆ ಗಪ್ಪೆಂದು ಮುಖಕ್ಕೆ ಬಂತು. ಎಲ್ಲರೂ ಆಹಾ ಎಂದರು. ನಾನು ಒಳಗೆ ಕಾಲಿಟ್ಟವಳು, ನನಗೇ ಗೊತ್ತಿಲ್ಲದೆ ಹಿಮ್ಮಡಿ ಎತ್ತಿ ಬೆರಳ ತುದಿಯ ಮೇಲೆ ನಿಂತಿದ್ದೆ. ಯಾಕಕ್ಕ, ಕಾಲಿಗೇನಾದ್ರೂ ಚುಚ್ತಾ ಎಂದು ಆಕೆ ಕೇಳಿದಳು. ಏನಿಲ್ಲಮ್ಮ ಅಂದೆ.

ಆ ವಾಸನೆ ನನ್ನ ಪಾಲಿಗೆ ಭೂಕಂಪದ ವರ್ಷದ್ದು. 2011ರ ಮಾರ್ಚಿನಿಂದ ಆ ವರ್ಷದ ದೀಪಾವಳಿಯವರೆಗಿನದು. ಆ ವರ್ಷ ಅಂದರೆ ಜನಕ್ಕೆ ಸಮುದ್ರ ನೆನಪಾಗುತ್ತದೆ, ಟೀವಿಯಲ್ಲಿ ತೇಲಿ ಹೋದ ಮನೆಗಳು ನೆನಪಾಗುತ್ತವೆ. ನನಗೆ ಮೊದಲು ನೆನಪಾಗುವುದು ಹತ್ತು ವರ್ಷದ ಒಬ್ಬ ಹುಡುಗಿಯ ಪಾದ. ಹುಡುಗಿಯ ಹೆಸರು ಧೃತಿ. ಪಾದ ಕೆಳಗೆ ಬರುತ್ತಾ ಬರುತ್ತಾ ನೆಲಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತುಬಿಡುತ್ತಿತ್ತು. ಅದನ್ನು ಮತ್ತೆ ನೆಲಕ್ಕೆ ಇಳಿಸುವುದು ಹೇಗೆ ಎನ್ನುವುದೇ ಆ ವರ್ಷ ನನ್ನ ತಲೆ ತಿಂದ ಪ್ರಶ್ನೆ. ಇಳಿಸಿದವಳು ನಾನಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಯಾರೂ ಶಹಭಾಸ್ ಅನ್ನುವುದು ಬೇಡ.

ಆಗ ನಾವಿದ್ದದ್ದು ಎಡೋಗಾವಾದ ಒಂದು ಹಳೆಯ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ. ನನ್ನ ಗಂಡ ಶ್ರೀಧರನನ್ನು ಬೆಂಗಳೂರಿನ ಕಂಪನಿ ಅಲ್ಲಿಗೆ ಕಳಿಸಿತ್ತು, ಅವನ ಜೊತೆ ಲಗೇಜಿನ ಹಾಗೆ ನಾನು. ಮೈಸೂರಿನಲ್ಲಿ ಭರತನಾಟ್ಯದ ವಿದ್ವತ್ ಪರೀಕ್ಷೆ ಮುಗಿಸಿ, ಒಂದಿಷ್ಟು ವರ್ಷ ಪಾಠ ಹೇಳಿ, ಕೊನೆಗೆ ಆ ಊರಿನಲ್ಲಿ ತರಕಾರಿ ಹೆಚ್ಚುತ್ತಾ ಕೂತಿದ್ದವಳಿಗೆ ಅಕ್ಕಪಕ್ಕದ ಕನ್ನಡದ ತಾಯಂದಿರೇ ಕೆಲಸ ಹಚ್ಚಿದರು. ಶನಿವಾರ ಶನಿವಾರ ಸೋಫಾವನ್ನು ಗೋಡೆಗೆ ದಬ್ಬಿ, ಹಾಲಿನಲ್ಲೇ ಕ್ಲಾಸು. ನಾಲ್ಕೈದು ಹುಡುಗಿಯರು. ಬಂದವರಿಗೆ ಕುಣಿತ ಎಷ್ಟು ಬಂತೋ ಬಿಟ್ಟಿತೋ, ತಾಯಂದಿರಿಗೆ ಬೇಕಾಗಿದ್ದದ್ದು ಅದಲ್ಲ. ಧೃತಿಯ ತಾಯಿ ಸುಮನಾ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದಳು, ಅಕ್ಕ, ಸ್ಕೂಲಲ್ಲಿ ಜಪಾನಿ, ಮನೇಲಿ ಇಂಗ್ಲಿಷ್, ನಾನು ಕನ್ನಡದಲ್ಲಿ ಕೇಳಿದ್ರೆ ಬರೀ ತಲೆ ಆಡಿಸ್ತಾಳೆ, ವಾರಕ್ಕೆ ಒಂದು ಗಂಟೆಯಾದ್ರೂ ಇವಳು ನಮ್ಮವಳಾಗಿರ್ಲಿ ಅಂತ. ಸುಮನಾಳ ಗಂಡ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕ. ಮಗಳು ಹುಟ್ಟಿದ್ದೇ ಅಲ್ಲಿ, ಓದುತ್ತಿದ್ದದ್ದು ಜಪಾನಿ ಶಾಲೆಯಲ್ಲಿ.

ಈ ಧೃತಿ ಇದ್ದಳಲ್ಲ, ಅವಳಂಥ ಜೋರು ಕಾಲಿನ ಹುಡುಗಿಯನ್ನು ನಾನು ಮೈಸೂರಿನಲ್ಲೂ ನೋಡಿರಲಿಲ್ಲ. ತಟ್ಟಡವು ಅಂದರೆ ಭರತನಾಟ್ಯದ ಅ ಆ ಇ ಈ, ಮಂಡಿ ಅರ್ಧ ಮಡಿಸಿ ಅರಮಂಡಿಯಲ್ಲಿ ಕೂತು ನೆಲವನ್ನು ಪಾದದಿಂದ ತಟ್ಟುವುದು. ಉಳಿದವರು ತಟ್ಟುತ್ತಿದ್ದರು, ಇವಳು ಗುದ್ದುತ್ತಿದ್ದಳು. ಗಾಜಿನ ಬೀರು ಝಲ್ ಅನ್ನುತ್ತಿತ್ತು. ಶಾಲೆಯಲ್ಲಿ ಕುರ್ಚಿಯನ್ನೂ ಎತ್ತಿ ಇಡಬೇಕು, ಎಳೆಯಬಾರದು, ಮೆಟ್ಟಿಲಲ್ಲಿ ಓಡಬಾರದು, ರೈಲಿನಲ್ಲಿ ಮಾತಾಡಬಾರದು. ವಾರವೆಲ್ಲ ಅದುಮಿಟ್ಟದ್ದನ್ನು ನನ್ನ ಮನೆಯ ನೆಲಕ್ಕೆ ಹೊಡೆದು ಹಗುರಾಗಿ, ಕೆನ್ನೆ ಕೆಂಪು ಮಾಡಿಕೊಂಡು ನಗುತ್ತಿದ್ದಳು. ನಾನು ಬೈದಂತೆ ಮಾಡಿ ಒಳಗೊಳಗೇ ಖುಷಿಪಡುತ್ತಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ, ನೆಲಮಹಡಿಯಲ್ಲಿ, ಹಿರಾನೋ ಸಾನ್ ಇದ್ದರು. ಎಪ್ಪತ್ತರ ಹತ್ತಿರದ ಒಂಟಿ ಹೆಂಗಸು. ಕಸ ಹಾಕುವ ಜಾಗದಲ್ಲಿ ಎದುರಾದಾಗ ಸೊಂಟ ಬಗ್ಗಿಸಿ, ನಿಮ್ಮ ಮಕ್ಕಳು ತುಂಬಾ ಗೆಲುವಾಗಿದ್ದಾರೆ ಎಂದು ನಗುತ್ತಿದ್ದರು. ಎಂಥ ಒಳ್ಳೆಯ ಮನಸ್ಸಪ್ಪ ಎಂದು ನಾನು ಮನೆಗೆ ಬಂದು ಶ್ರೀಧರನಿಗೆ ಹೇಳಿದ್ದೂ ಉಂಟು. ಆ ಊರಿನಲ್ಲಿ ದೂರು ಕೊಡುವುದೇ ಹಾಗೆ ಎಂದು ನನ್ನಂಥ ದಡ್ಡಿಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ಭೂಕಂಪ ಆದದ್ದು ಶುಕ್ರವಾರ ಮಧ್ಯಾಹ್ನ. ಅದರ ವರ್ಣನೆ ಸಾಕಷ್ಟು ಜನ ಮಾಡಿದ್ದಾರೆ. ನಾನು ಊಟದ ಮೇಜಿನ ಕೆಳಗೆ ಕೂತು, ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ, ಅಷ್ಟೆ. ಆಮೇಲೆ ಅಣುಸ್ಥಾವರದ ಸುದ್ದಿ ಬಂತು. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಅತ್ತದ್ದೇ ಅತ್ತದ್ದು. ನಮ್ಮ ಕಡೆಯ ಹೆಂಗಸರು ಮಕ್ಕಳೆಲ್ಲ ಗಂಟುಮೂಟೆ ಕಟ್ಟಿದರು, ನಾನೂ ಕಟ್ಟಿದೆ, ಸುಮನಾ ಮತ್ತು ಧೃತಿಯೂ ಹೊರಟರು. ಸೂಟ್‌ಕೇಸನ್ನು ಮೆಟ್ಟಿಲಿಳಿಸುವಾಗ ಹಿರಾನೋ ಸಾನ್ ಬಾಗಿಲ ಮುಂದೆ ಹಾದುಹೋಗಬೇಕು. ಬೆಲ್ ಒತ್ತಿ ಹೋಗಿಬರುತ್ತೇನೆ ಅನ್ನಬೇಕು ಅನ್ನಿಸಿತು. ಆದರೆ ಏನಂತ ಹೇಳುವುದು, ನಮಗೆ ಓಡಿಹೋಗಲು ಇನ್ನೊಂದು ದೇಶ ಇದೆ, ನಿಮಗಿಲ್ಲ ಅಂತಲೇ? ಸೂಟ್‌ಕೇಸಿನ ಗಾಲಿ ಸದ್ದಾಗದಂತೆ ಎತ್ತಿಕೊಂಡು ದಾಟಿದೆ.

ಚೆರ್ರಿ ಹೂವು ಉದುರುವ ಹೊತ್ತಿಗೆ ವಾಪಸು ಬಂದೆವು. ಊರು ಕಪ್ಪಾಗಿತ್ತು. ಸ್ಟೇಷನ್ನಿನಲ್ಲಿ ಅರ್ಧ ದೀಪ, ನಿಂತುಹೋದ ಎಸ್ಕಲೇಟರು, ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಖಾಲಿ ಕಪಾಟು. ಹೂವಿನ ಕೆಳಗೆ ಕೂತು ಉಣ್ಣುವುದನ್ನೂ ಆ ವರ್ಷ ಜನ ಬಿಟ್ಟಿದ್ದರು, ಸತ್ತವರಿರುವಾಗ ನಗುವುದು ಹೇಗೆ ಎಂದು. ಗಂಧದ ಸೋಪು ಹಿಡಿದು ಹಿರಾನೋ ಸಾನ್ ಮನೆಗೆ ಹೋದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಊರಿನಲ್ಲಿ ಎಲ್ಲರೂ ಕ್ಷೇಮವೇ ಎಂದು ನನ್ನನ್ನೇ ವಿಚಾರಿಸಿದರು. ಅವರ ತಂಗಿ ಉತ್ತರದ ಕಡಲತೀರದ ಊರಿನಲ್ಲಿದ್ದರೆಂದೂ ಈಗ ಆ ಮನೆಯೂ ಇಲ್ಲ, ತಂಗಿಯೂ ಇಲ್ಲವೆಂದೂ ನನಗೆ ಗೊತ್ತಾದದ್ದು ಆಮೇಲೆ, ಬಿಲ್ಡಿಂಗ್ ನೋಡಿಕೊಳ್ಳುವವರ ಬಾಯಿಂದ. ಹಿರಾನೋ ಸಾನ್ ಕೈಗೆ ಕೊಟ್ಟ ಸೋಪಿನ ಡಬ್ಬಿ ನೆನೆದು ನಾಚಿಕೆಯಿಂದ ಸತ್ತೆ.

ಅಷ್ಟು ಗೊತ್ತಿದ್ದೂ ಮುಂದಿನ ಶನಿವಾರ ಕ್ಲಾಸು ಶುರುಮಾಡಿದೆ ನೋಡಿ. ಮಕ್ಕಳು ಮನೆಯಲ್ಲಿ ಕೂತು ಕೂತು ಮಂಕಾಗಿದ್ದಾರೆ ಎಂದು ತಾಯಂದಿರ ಒತ್ತಾಯ. ಹುಡುಗಿಯರು ಸಾಲಾಗಿ ನಿಂತು ತಟ್ಟಡವು ಹಿಡಿದರು, ನಾನು ತಟ್ಟುಮಣೆಯ ಮೇಲೆ ಕೋಲಿನಿಂದ ತಾಳ ಹಾಕಿದೆ. ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ, ಬಂದಿರಬೇಕು, ಬೆಲ್ ಆಯಿತು. ಬಾಗಿಲು ತೆಗೆದರೆ ಹಿರಾನೋ ಸಾನ್. ತಲೆಗೆ ಹೆಲ್ಮೆಟ್, ಬೆನ್ನಿಗೆ ತುರ್ತುಚೀಲ, ಕಾಲಲ್ಲಿ ಒಂದು ಚಪ್ಪಲಿ, ಇನ್ನೊಂದು ಕೈಯಲ್ಲಿ. ಮುಖ ಸುಣ್ಣದಂತೆ ಬಿಳಿ. ಕೆಳಗೆ ಅವರ ಬಾಗಿಲು ಹಾರುಹೊಡೆದಿತ್ತು. ಭೂಮಿ ನಡುಗಿದರೆ ಮೊದಲು ಗ್ಯಾಸ್ ಆರಿಸಿ ಬಾಗಿಲು ತೆರೆದಿಡಬೇಕು, ಚೌಕಟ್ಟು ಸೊಟ್ಟಗಾಗಿ ಒಳಗೇ ಸಿಕ್ಕಿಬೀಳಬಾರದು ಎಂದು ಅಲ್ಲಿ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಅವರು ಎಲ್ಲವನ್ನೂ ಮಾಡಿ ಹೊರಗೆ ಬಂದು, ಬೇರೆ ಯಾರೂ ಹೊರಗೆ ಬಂದಿಲ್ಲವಲ್ಲ ಎಂದು ನಮ್ಮನ್ನು ಎಬ್ಬಿಸಲು ಮೇಲೆ ಬಂದಿದ್ದರು. ನನ್ನ ಹಿಂದೆ ಅರಮಂಡಿಯಲ್ಲಿ ಕೂತ ಹುಡುಗಿಯರನ್ನು ಕಂಡ ಮೇಲೆ ಅವರಿಗೆ ಅರ್ಥವಾಯಿತು, ನಡುಗಿದ್ದು ಭೂಮಿಯಲ್ಲ, ನಮ್ಮ ಕುಣಿತಕ್ಕೆ ಅವರ ಸೂರು. ಹೆಲ್ಮೆಟ್ ತೆಗೆದು, ಸುಮಿಮಾಸೆನ್, ಸುಮಿಮಾಸೆನ್ ಎಂದು ಬಗ್ಗಿ ಬಗ್ಗಿ ನಮ್ಮಲ್ಲೇ ಕ್ಷಮೆ ಕೇಳಿ ಇಳಿದುಹೋದರು. ಕೈಯಲ್ಲಿದ್ದ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದರು.

ಹುಡುಗಿಯರಲ್ಲಿ ಒಬ್ಬಳು ಕಿಸಕ್ಕೆಂದಳು. ನನಗೆ ರೇಗಿಹೋಯಿತು. ಎಲ್ಲರನ್ನೂ ಕೂರಿಸಿಕೊಂಡು, ಹಿರಾನೋ ಸಾನ್ ತಂಗಿ ಹೇಗೆ ಹೋದರು ಎಂದು ಹೇಳಿದೆ. ಇನ್ನು ಮೇಲೆ ಸದ್ದು ಮಾಡಿದರೆ ಅವರಿಗೆ ಏನಾಗುತ್ತದೆ ಯೋಚಿಸಿ ಎಂದೆ. ಧೃತಿ ತನ್ನ ಪಾದವನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕೂತಿದ್ದಳು. ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ.

ಕ್ಲಾಸನ್ನು ಬೇರೆ ಕಡೆ ಮಾಡೋಣವೆಂದರೆ ಆಗ ಹಾಲ್‌ಗಳೆಲ್ಲ ವಿದ್ಯುತ್ ಉಳಿಸಲು ಮುಚ್ಚಿದ್ದವು. ಹುಲ್ಲುಚಾಪೆಗಳನ್ನು ತಂದು, ಒಂದರ ಮೇಲೊಂದು ಹಾಸಿ, ನಡುವೆ ಹಳೆಯ ಹಾಸಿಗೆ ಸೇರಿಸಿದೆ. ಗೆಜ್ಜೆಯನ್ನು ಬಟ್ಟೆ ಸುತ್ತಿ ಮೇಲಿಟ್ಟೆ. ತಟ್ಟುಮಣೆ ಅಡುಗೆಮನೆಗೆ ಹೋಯಿತು, ಅದರ ಬದಲು ಬೆರಳಿನಲ್ಲಿ ಚಿಟಿಕೆ. ತೈಯಾ ತೈ ಎನ್ನುವ ಸೊಲ್ಲನ್ನು ಪಿಸುಮಾತಿನಲ್ಲಿ ಹೇಳಿದೆ. ಪಾದ ಎತ್ತಿ, ಜೋರಾಗಿ ತಂದು, ಮುಟ್ಟುವ ಮುನ್ನ ತಡೆದು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಡಿ ಎಂದೆ. ಇದು ಸುಲಭ ಅಂತ ತಿಳಿಯಬೇಡಿ. ತೊಡೆ ಉರಿದುಹೋಗುತ್ತದೆ. ಮಕ್ಕಳು ಕಲಿತರು. ಕಲಿತದ್ದಷ್ಟೇ ಅಲ್ಲ, ಯಾರು ಹೆಚ್ಚು ಮೆತ್ತಗೆ ಎಂದು ಪಂಥ ಕಟ್ಟಿದರು. ಬೇಸಿಗೆಯ ಹೊತ್ತಿಗೆ ನಾಲ್ಕೈದು ಹುಡುಗಿಯರು ಮೂರನೇ ಕಾಲದಲ್ಲಿ ಕುಣಿದರೂ ನನ್ನ ಮನೆಯಲ್ಲಿ ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು.

ನನಗೋ, ಹೆಮ್ಮೆ. ತಾಯಂದಿರಿಗೂ ಹೆಮ್ಮೆ. ಇನ್ನೊಬ್ಬರಿಗೆ ತೊಂದರೆ ಕೊಡದಿರುವುದೇ ಆ ದೇಶದಲ್ಲಿ ದೊಡ್ಡ ವಿದ್ಯೆ, ನಾವು ಆ ವಿದ್ಯೆಯನ್ನು ಭರತನಾಟ್ಯಕ್ಕೂ ಹಚ್ಚಿದೆವು ಎಂದು ಬೀಗಿದೆವು. ಹಿರಾನೋ ಸಾನ್ ಒಮ್ಮೆ ಎದುರಾದಾಗ, ಮಕ್ಕಳು ಈಗ ಬರುವುದಿಲ್ಲವೇ ಎಂದು ಕೇಳಿದರು. ಬರುತ್ತಾರೆ ಅಂದಾಗ ಅವರ ಕಣ್ಣು ತುಂಬಿಕೊಂಡಿತು. ಅರಿಗಾತೋ ಎಂದು ಕೃತಜ್ಞತೆ ಹೇಳಿದರು. ಆ ಒಂದು ಮಾತಿನಿಂದ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಧೃತಿಯ ನಗು ನಿಂತು ತಿಂಗಳುಗಳಾಗಿದ್ದವು ಎನ್ನುವುದು ಗಮನಕ್ಕೇ ಬರಲಿಲ್ಲ. ಮೆತ್ತಗೆ ಕುಣಿಯುವ ಪಂಥದಲ್ಲಿ ಪ್ರತಿ ವಾರ ಗೆಲ್ಲುತ್ತಿದ್ದವಳು ಅವಳೇ. ಭೇಷ್ ಕಣೇ ಎಂದು ಪ್ರತಿ ವಾರ ಬೆನ್ನು ತಟ್ಟುತ್ತಿದ್ದವಳು ನಾನೇ.

ಸೆಪ್ಟೆಂಬರಿನಲ್ಲಿ ದೀಪಾವಳಿ ಕಾರ್ಯಕ್ರಮದ ಮಾತು ಬಂತು. ಹಾಲ್‌ಗಳು ತೆರೆದಿದ್ದವು, ಮರದ ವೇದಿಕೆ, ಗೆಜ್ಜೆ ಕಟ್ಟಿ ಕುಣಿಯಬಹುದು. ಧೃತಿಯ ಅಜ್ಜಿ ಬೆಂಗಳೂರಿನಿಂದ ಬರುವವರಿದ್ದರು, ಸುಮನಾ ಮಗಳಿಗೆ ಸೀರೆ ಹೊಲಿಸಿ ತರಿಸಿಯೂ ಆಗಿತ್ತು. ವೇದಿಕೆ ಸಿಗುವುದು ಕಾರ್ಯಕ್ರಮದ ದಿನವೇ. ಅಲ್ಲಿಯವರೆಗೆ ಕಾಲಿಗೆ ಸದ್ದು ಬರಿಸಬೇಕಲ್ಲ ಎಂದು ಮಕ್ಕಳನ್ನು ನದಿಯ ದಂಡೆಗೆ ಕರೆದುಕೊಂಡು ಹೋದೆ. ರೈಲು ಸೇತುವೆಯ ಕೆಳಗೆ ಸಿಮೆಂಟಿನ ವಿಶಾಲ ಜಾಗ. ಮನೆಯಲ್ಲಿ ಊದಲಾರದ ತುತ್ತೂರಿಯವರು, ಡ್ರಮ್ಮಿನವರು ಅಲ್ಲಿಗೇ ಬಂದು ಅಭ್ಯಾಸ ಮಾಡುತ್ತಾರೆ. ಅವರ ಪಕ್ಕದಲ್ಲಿ ನಾವು, ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಬೂಟಿಲ್ಲದ ದಂಡು.

ಉಳಿದ ಹುಡುಗಿಯರು ಮೊದಲು ಹೆದರಿ ಹೆದರಿ ತಟ್ಟಿದರು, ಆಮೇಲೆ ಬಿಟ್ಟಿದ್ದೇ ಬಿಟ್ಟಿದ್ದು. ಸೇತುವೆ ಮೊಳಗಿತು. ತುತ್ತೂರಿಯ ಹುಡುಗ ನಿಲ್ಲಿಸಿ ನೋಡಿದ. ಧೃತಿಯ ಗೆಜ್ಜೆ ಮಾತ್ರ ಉಸಿರೆತ್ತಲಿಲ್ಲ. ಪಾದ ಸರಿಯಾಗಿ ಏಳುತ್ತಿತ್ತು, ಸರಿಯಾಗಿ ಬರುತ್ತಿತ್ತು, ಕೂದಲೆಳೆಯಷ್ಟು ಮೇಲೆ ನಿಂತು ಮೆಲ್ಲಗೆ ಇಳಿಯುತ್ತಿತ್ತು. ತಟ್ಟೇ, ಇಲ್ಲಿ ಕೆಳಗೆ ಯಾರ ಮನೆಯೂ ಇಲ್ಲ ಎಂದೆ. ತಲೆಯಾಡಿಸಿದಳು, ಆದರೆ ತಟ್ಟಲಿಲ್ಲ. ಬರೀ ನೆಲ ಕಣೇ ಎಂದೆ. ಅವಳ ಮುಖ ಇನ್ನೂ ಚಿಕ್ಕದಾಯಿತು. ನಾನು ತಾಳ್ಮೆಯ ಮೂರ್ತಿಯೇನಲ್ಲ. ಮುಂದಿನ ವಾರವೂ ಹಾಗೇ ಆದಾಗ, ಏನಾಗಿದೆ ನಿನ್ನ ಕಾಲಿಗೆ ಎಂದು ಎಲ್ಲರೆದುರು ಗದರಿದೆ. ಅವಳು ಅಲ್ಲೇ ಕುಕ್ಕರಿಸಿ, ಗೆಜ್ಜೆ ಬಿಚ್ಚತೊಡಗಿದಳು. ಗಂಟು ಬಿಚ್ಚಲು ಬಾರದೆ ಎಳೆಯುತ್ತಿದ್ದ ಬೆರಳು ನೋಡಿ ನನ್ನ ಸಿಟ್ಟು ಇಳಿಯಿತು. ಉಳಿದವರನ್ನು ಆಡಲು ಕಳಿಸಿ ಪಕ್ಕದಲ್ಲಿ ಕೂತೆ.

"ಆಂಟಿ, ಆ ಸ್ಯಾಟರ್ಡೇ ನಾನು ನಮಸ್ಕಾರ ಮಾಡ್ಲಿಲ್ಲ," ಎಂದಳು.

ಯಾವ ಶನಿವಾರ, ಯಾವ ನಮಸ್ಕಾರ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಅರ್ಧ ಜಪಾನಿ, ಅರ್ಧ ಇಂಗ್ಲಿಷ್, ನಡುನಡುವೆ ಕನ್ನಡ ಹಾಕಿ ಹೇಳಿದ್ದನ್ನು ಕೂಡಿಸಿಕೊಂಡೆ. ನಮ್ಮಲ್ಲಿ ಕ್ಲಾಸಿನ ಮೊದಲು, ಕೊನೆಗೆ ಭೂಮಿಗೆ ನಮಸ್ಕಾರ ಮಾಡುತ್ತೇವೆ. ತಾಯಿ, ನಿನ್ನನ್ನು ಕಾಲಿನಿಂದ ತುಳಿಯುತ್ತೇವೆ, ಕ್ಷಮಿಸು ಎನ್ನುವುದು ಅದರ ಅರ್ಥ. ನನ್ನ ಟೀಚರ್ ನನಗೆ ಹೇಳಿದ್ದು, ನಾನು ಇವರಿಗೆ ಹೇಳಿದ್ದು. ಭೂಕಂಪದ ಹಿಂದಿನ ಶನಿವಾರ ಧೃತಿಗೆ ಗೆಳತಿಯ ಹುಟ್ಟುಹಬ್ಬವಿತ್ತಂತೆ. ಅವಸರದಲ್ಲಿ ಕೊನೆಯ ನಮಸ್ಕಾರ ಮಾಡದೆ ಓಡಿದಳಂತೆ. ನಾನು ಬಾಗಿಲಲ್ಲಿ ನಿಂತು, ಅಷ್ಟು ಜೋರಾಗಿ ತುಳಿದು ಸಾರಿ ಕೇಳದೆ ಓಡ್ತೀಯಲ್ಲೇ, ಭೂಮಿತಾಯಿ ಕೋಪ ಮಾಡ್ಕೋತಾಳೆ ನೋಡ್ತಿರು ಎಂದು ಕೂಗಿದೆನಂತೆ. ಆ ವಾರವೇ ಭೂಮಿ ನಡುಗಿತು. ಹಿರಾನೋ ಸಾನ್ ತಂಗಿ ಹೋದರು.

ಇಂಥ ಮಾತನ್ನು ಮೈಸೂರಿನ ಡ್ಯಾನ್ಸ್ ಟೀಚರುಗಳು ದಿನಕ್ಕೆ ಹತ್ತು ಸಲ ಆಡುತ್ತಾರೆ. ನನಗೂ ಆಡಿದ್ದಾರೆ, ನಾನೂ ಕಿವಿಯ ಮೇಲೆ ಹಾಕಿಕೊಳ್ಳದೆ ಓಡಿದ್ದೇನೆ. ಅಲ್ಲಿ ಭೂಮಿ ಸುಮ್ಮನಿರುತ್ತದೆ, ಮಾತು ಗಾಳಿಗೆ ಹೋಗುತ್ತದೆ. ಇಲ್ಲಿ ಭೂಮಿ ಉತ್ತರ ಕೊಟ್ಟುಬಿಟ್ಟಿತ್ತು. ನನಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಅವಳು ಅದನ್ನು ಇಷ್ಟು ತಿಂಗಳು ಹೊಟ್ಟೆಯೊಳಗಿಟ್ಟುಕೊಂಡು, ನಾನು ಭೇಷ್ ಎಂದಾಗಲೆಲ್ಲ ಇನ್ನಷ್ಟು ಮೆತ್ತಗೆ ಕುಣಿದಿದ್ದಳು. ಭೂಕಂಪ ಯಾಕೆ ಆಗುತ್ತದೆ ಗೊತ್ತಾ ಎಂದು ಶುರುಮಾಡಿದೆ, ಬೇರೇನೂ ತೋಚದೆ.

"ಗೊತ್ತು ಆಂಟಿ, ಪ್ಲೇಟ್ಸ್. ಸ್ಕೂಲಲ್ಲಿ ಚಿತ್ರ ಬರ್ದಿದೀನಿ," ಎಂದಳು. ಗೆಜ್ಜೆಯ ಗಂಟನ್ನು ಮತ್ತೆ ಎಳೆಯುತ್ತಾ, "ಆದ್ರೂ," ಎಂದಳು.

ಅವಳನ್ನು ತಬ್ಬಿಕೊಂಡು, ನಿಂದಲ್ಲ ಕಂದಾ, ಹಾಗೆ ಅಂದದ್ದು ನನ್ನ ತಪ್ಪು ಎಂದೆ. ಅವಳು ನನ್ನ ಭುಜಕ್ಕೆ ತಲೆ ಇಟ್ಟುಕೊಂಡೇ, ಹಿರಾನೋ ಸಾನ್ ಹತ್ತಿರ ಸಾರಿ ಕೇಳಬೇಕು ಎಂದಳು.

ಸುಮನಾಗೆ ಹೇಳಿದೆ. ಮೊದಲು ನನ್ನ ಮೇಲೆ ಸಿಡಿದಳು, ಸಿಡಿಯಬೇಕಾದದ್ದೇ. ವಾರಕ್ಕೊಂದು ಗಂಟೆ ನಮ್ಮವಳಾಗಿರಲಿ ಅಂತ ಕಳಿಸಿದರೆ ಮಗುವಿನ ತಲೆಗೆ ಏನು ತುಂಬಿದ್ರಿ ಅಕ್ಕ ಎಂದು ಕೇಳಿದಳು. ನಾನು ತಲೆತಗ್ಗಿಸಿ ಕೂತೆ. ಆಮೇಲೆ ಅವಳೇ ಅತ್ತಳು, ಒಂಬತ್ತು ತಿಂಗಳು ಹೊತ್ತವಳಿಗೆ ಗೊತ್ತಾಗಲಿಲ್ಲವಲ್ಲ ಎಂದು. ಹಿರಾನೋ ಸಾನ್ ಬಳಿ ಹೋಗುವುದು ಮಾತ್ರ ಬೇಡವೇ ಬೇಡ ಎಂದಳು. ತಂಗಿಯನ್ನು ಕಳೆದುಕೊಂಡವರ ಮುಂದೆ ಮಗುವನ್ನು ನಿಲ್ಲಿಸಿ ಆ ಗಾಯ ಕೆದಕುವುದೇ, ಇದಕ್ಕಿಂತ ದೊಡ್ಡ ತೊಂದರೆ ಇನ್ನೇನಿದೆ ಎಂದು. ನನಗೂ ಅದೇ ಸರಿ ಅನ್ನಿಸಿತು. ಮಗುವಿನ ಭಾರ ಇಳಿಸಲು ಅದನ್ನು ಒಯ್ದು ಒಬ್ಬ ಮುದುಕಿಯ ಹೆಗಲಿಗೆ ಹಾಕಿದ ಹಾಗಾಗುತ್ತದೆ. ಆದರೆ ಧೃತಿ ದಿನಾ ಕೇಳಿದಳು, ಊಟ ಬಿಟ್ಟಳು. ಕೊನೆಗೆ ಸುಮನಾನೇ ಫೋನ್ ಮಾಡಿ, ನೀವೇ ಕರ್ಕೊಂಡು ಹೋಗಿ ಅಕ್ಕ, ನನ್ನ ಕೈಲಾಗಲ್ಲ ಎಂದಳು.

ಅವಳು ದೀಪಾವಳಿಯಲ್ಲಿ ಕುಣಿದಳೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕುಣಿದಳು. ಎರಡು ಕಡೆ ತಾಳ ತಪ್ಪಿದಳು, ಅಜ್ಜಿ ದೃಷ್ಟಿ ತೆಗೆದರು, ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೇವೆ. ಆದರೆ ನಾನು ನೆನೆಯುವುದು ಆ ಸಂಜೆಯನ್ನಲ್ಲ.

ನಾನು ಧೃತಿಯನ್ನು ಕರೆದುಕೊಂಡು ಹೋದ ದಿನ ಹಿರಾನೋ ಸಾನ್ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಗೋಡೆಯ ಕಪಾಟುಗಳು ಖಾಲಿ, ಪಾತ್ರೆ ತಟ್ಟೆಗಳೆಲ್ಲ ನೆಲದ ಮೇಲೆ ಸಾಲಾಗಿದ್ದವು. ಮೇಲಿಟ್ಟರೆ ನಿದ್ದೆ ಬರುವುದಿಲ್ಲ ಎಂದು ನಾಚಿಕೊಂಡು ಹೇಳಿದರು. ತಗ್ಗು ಮೇಜಿನ ಮೇಲೆ ಮೂರು ಬಟ್ಟಲು ಚಹಾ ತಂದಿಟ್ಟರು. ಧೃತಿ ಮಂಡಿಯೂರಿ ಕೂತು, ಹಣೆ ನೆಲಕ್ಕೆ ತಾಗುವಂತೆ ಬಗ್ಗಿದಳು. ಆಮೇಲೆ ಜಪಾನಿಯಲ್ಲಿ ಹೇಳುತ್ತಾ ಹೋದಳು. ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ಅರ್ಥವಾಗದಿದ್ದರೆ ಸಾಕಪ್ಪ ಅನ್ನಿಸಿತು. ಜೋರಾಗಿ ತುಳಿದೆ, ಕ್ಷಮೆ ಕೇಳಲಿಲ್ಲ, ಅದಕ್ಕೇ ನಿಮ್ಮ ತಂಗಿ, ಎನ್ನುವಲ್ಲಿಗೆ ಬಂದು ಮಾತು ನಿಂತಿತು. ನಾನು ಹಿರಾನೋ ಸಾನ್ ಮುಖ ನೋಡುವ ಧೈರ್ಯವಿಲ್ಲದೆ ಚಹಾ ನೋಡುತ್ತಿದ್ದೆ.

ಅವರು ಒಂದು ಬಟ್ಟಲನ್ನು ಧೃತಿಯ ಹತ್ತಿರಕ್ಕೆ ಸರಿಸಿದರು. ನಂತರ, ನನಗೂ ತಿಳಿಯಲಿ ಎಂದೋ ಏನೋ, ಬಿಡಿಸಿ ಬಿಡಿಸಿ ಮಾತಾಡಿದರು. ಆ ವಾರ ತಂಗಿ ಟೋಕಿಯೋಗೆ ಬರಬೇಕಾಗಿತ್ತಂತೆ, ಇಬ್ಬರೂ ಸೇರಿ ಪ್ಲಮ್ ಹೂವು ನೋಡಲು. ಇವರಿಗೆ ನೆಗಡಿಯಾಗಿತ್ತು. ನಿನಗೂ ಹತ್ತೀತು, ಮುಂದಿನ ವಾರ ಬಾ ಎಂದು ಫೋನ್ ಮಾಡಿ ತಡೆದರಂತೆ. ಬರೀ ನೆಗಡಿ ಎಂದು ಇನ್ನೊಮ್ಮೆ ಹೇಳಿದರು. ಇದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲವಂತೆ.

"ನಿನ್ನಿಂದ ಅಲ್ಲ ಅನ್ನೋದು ನನಗೆ ಖಂಡಿತ ಗೊತ್ತು," ಎಂದರು ಧೃತಿಗೆ. "ನನ್ನಿಂದ ಅಲ್ಲ ಅನ್ನೋದು ಮಾತ್ರ ಗೊತ್ತಾಗ್ತಾ ಇಲ್ಲ."

ಧೃತಿ ಅವರನ್ನೇ ನೋಡಿದಳು. ಅದು ನಿಮ್ಮಿಂದಲೂ ಅಲ್ಲ, ನೆಗಡಿಯಿಂದ ಹಾಗಾಗುವುದಿಲ್ಲ ಎಂದಳು, ತೀರಾ ಗಂಭೀರವಾಗಿ, ಟೀಚರ್ ಪಾಠ ತಿದ್ದಿದ ಹಾಗೆ. ಹಿರಾನೋ ಸಾನ್ ಬಾಯಿಗೆ ಕೈ ಅಡ್ಡ ಹಿಡಿದರು. ಅದು ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ.

ಆಮೇಲೆ ಎದ್ದು, ಕೋಣೆಯ ನಡುವಿನ ಕಂಬಳಿಯನ್ನು ಸುತ್ತಿ ಬದಿಗೆ ತಳ್ಳಿದರು. ಬರೀ ಮರದ ನೆಲ. ಇದರ ಕೆಳಗೆ ಮನೆಯಿಲ್ಲ, ಮಣ್ಣು ಮಾತ್ರ ಇದೆ, ಇಲ್ಲಿ ತಟ್ಟು ಎಂದರು. ನಾನು ಗಾಬರಿಯಿಂದ ಬೇಡ ಹಿರಾನೋ ಸಾನ್, ದಯವಿಟ್ಟು ಬೇಡ ಎಂದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು, ತಯಾರು ಎನ್ನುವಂತೆ ತಲೆಯಾಡಿಸಿದರು.

ಧೃತಿ ನಿಂತಳು. ಅರಮಂಡಿಗೆ ಕೂತಳು. ಪಾದ ಎದ್ದಿತು, ಬಂತು, ನೆಲದ ಹತ್ತಿರ ತಡೆಯಿತು. ಮತ್ತೆ ಎತ್ತಿದಳು. ಈ ಸಲ ಬಿದ್ದಿತು. ಮಾರ್ಚಿನಿಂದ ನಾನು ಕೇಳದಿದ್ದ ಸದ್ದು. ಮೇಜಿನ ಮೇಲಿನ ಬಟ್ಟಲುಗಳು ಗಿರ್ರೆಂದು ಅದುರಿದವು. ಹಿರಾನೋ ಸಾನ್ ಅಂಗೈ ತಟ್ಟನೆ ಹೋಗಿ ಒಂದು ಬಟ್ಟಲನ್ನು ಮುಚ್ಚಿ ಹಿಡಿಯಿತು, ಮುಖದ ರಕ್ತವೆಲ್ಲ ಇಳಿದುಹೋಯಿತು. ಅಂದು ನನ್ನ ಬಾಗಿಲಲ್ಲಿ ಕಂಡಷ್ಟೇ ಬಿಳಿ. ಧೃತಿ ಅದನ್ನು ನೋಡಿ ಹಿಂದೆ ಸರಿದಳು.

ಒಬ್ಬಳ ಭಯ ಬಿಡಿಸಲು ಇನ್ನೊಬ್ಬಳನ್ನು ಹೀಗೆ ಹೆದರಿಸುವುದು ಯಾವ ನ್ಯಾಯ ಅನ್ನಿಸುತ್ತಿತ್ತು, ಆದರೂ ಆ ಪಾದ ಮತ್ತೆ ಏಳಲಿ ಎಂದು ನಾಚಿಕೆಯಿಲ್ಲದೆ ಕಾಯುತ್ತಿದ್ದೆ. ಹಿರಾನೋ ಸಾನ್ ಬಟ್ಟಲಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಇನ್ನೊಂದು ಸಲ ಎಂದರು.

ಧೃತಿ ತಟ್ಟಿದಳು. ಬಟ್ಟಲು ಅದುರಿ ಚಹಾ ಮೇಜಿನ ಮೇಲೆ ಚೆಲ್ಲಿತು. ಯಾರೂ ಒರೆಸಲಿಲ್ಲ.

ಇನ್ನೊಂದು ಸಲ ಎಂದರು ಹಿರಾನೋ ಸಾನ್.